ಅಳತೆಯ ಅರಿವು



12ನೆಯ ಶತಮಾನದ ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಆಯ್ದಕ್ಕಿ ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನವರು ಹಿಗ್ಗಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಈ ಪ್ರಸಂಗವನ್ನು ಆಸೆಯನ್ನು ಗೆಲ್ಲುವ ಪಾಠವೆಂದು ಓದುವುದು ವಾಡಿಕೆ. ಅದರಲ್ಲಿ ಇನ್ನೊಂದು ಸೂಕ್ಷ್ಮವೂ ಅಡಗಿದೆ. ಅಗತ್ಯವನ್ನು ಮೀರಿದ್ದು ಕೇವಲ ಅನಗತ್ಯವಾಗಿ ಉಳಿಯುವುದಿಲ್ಲ, ಇದ್ದಲ್ಲಿಯೇ ಕೆಡುತ್ತದೆ ಮತ್ತು ಕೆಡಿಸುತ್ತದೆ. ದಾವಣಗೆರೆಯ ಸದ್ಭಕ್ತರೊಬ್ಬರಿಗೆ ಈ ಸೂಕ್ಷ್ಮದ ಅರಿವಾದದ್ದು ಒಂದು ಮೀನಿನ ತೊಟ್ಟಿಯಿಂದ.

ಅವರು ಅಕ್ಕಿ ವ್ಯಾಪಾರಿಗಳು. ಹೊಸ ಮನೆ ಕಟ್ಟಿಸಿದಾಗ ನಡುಮನೆಯ ಗೋಡೆಗೆ ಒಪ್ಪುವಂತೆ ದೊಡ್ಡದೊಂದು ಅಕ್ವೇರಿಯಂ ಇರಲೆಂಬ ಬಯಕೆ ಅವರಲ್ಲಿ ಹುಟ್ಟಿತು. ಗೋಡೆಯನ್ನು ಅಳೆದು, 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಗಾಜಿನ ತೊಟ್ಟಿಯನ್ನು ಮಾಡಿಸಿದರು. ಗೃಹಪ್ರವೇಶದ ಹಿಂದಿನ ರಾತ್ರಿ ನೀರು ತುಂಬಿಸಿ, ಬೆಳಗಾಗುವಷ್ಟರಲ್ಲಿ ಮೀನುಗಳನ್ನು ಬಿಟ್ಟರು. ಅಂಗಡಿಗಳಲ್ಲಿ ಶಾರ್ಕ್ ಎಂದು ಕರೆದು ಮಾರುವ ಪಂಗಾಸಿಯಸ್ ಮೀನಿನ 6 ಮರಿಗಳು, ಜೈಂಟ್ ಗೌರಾಮಿಯ 3 ಮರಿಗಳು. ಎಲ್ಲವೂ ಬೆರಳುದ್ದದವು. ಮೆಕಾಂಗ್ ನದಿಯ ಪಂಗಾಸಿಯಸ್ ಬೆಳೆದರೆ ಒಂದು ಮೀಟರನ್ನು ಮೀರುತ್ತದೆ, ಆಗ್ನೇಯ ಏಷ್ಯದ ಜೈಂಟ್ ಗೌರಾಮಿ ಎರಡು ಅಡಿಯವರೆಗೆ ಬೆಳೆಯಬಲ್ಲದು ಎಂಬುದನ್ನು ಅಂದು ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಗೃಹಪ್ರವೇಶಕ್ಕೆ ಬಂದ ನೆಂಟರಿಷ್ಟರೆಲ್ಲರೂ ಪ್ರೀತಿಯಿಂದಲೇ ಒಂದೊಂದು ಚಿಟಿಕೆ ಆಹಾರ ಹಾಕಿದರು. ನಾಲ್ಕನೆಯ ದಿನ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ವಾರ ಕಳೆಯುವಷ್ಟರಲ್ಲಿ ಎಂಟು ಸತ್ತಿದ್ದವು. ಒಂದು ಗೌರಾಮಿ ಮಾತ್ರ ಉಳಿದಿತ್ತು.

ಕಾರಣ ತಿಳಿದಾಗ ಸಂಕಟ ಇಮ್ಮಡಿಯಾಯಿತು. ಮೀನಿನ ಮಲದಿಂದಲೂ ತಿನ್ನದೆ ಉಳಿದ ಆಹಾರ ಕೊಳೆಯುವುದರಿಂದಲೂ ನೀರಿನಲ್ಲಿ ಅಮೋನಿಯಾ ಹುಟ್ಟುತ್ತದೆ. ಅದು ಕಿವಿರುಗಳನ್ನು ಸುಡುವ ವಿಷ. ಒಂದು ಬಗೆಯ ಸೂಕ್ಷ್ಮಾಣುಜೀವಿಗಳು ಅದನ್ನು ನೈಟ್ರೈಟ್ ಆಗಿಸುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ಬಹುಮಟ್ಟಿಗೆ ನಿರುಪದ್ರವಿಯಾದ ನೈಟ್ರೇಟ್ ಆಗಿಸುತ್ತವೆ. ಕಣ್ಣಿಗೆ ಕಾಣದ ಈ ಜೀವಿಗಳು ಹೊಸ ತೊಟ್ಟಿಯ ಶೋಧಕದಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ತಿಳಿಯಾಗಿ ಕಂಡ ಮಾತ್ರಕ್ಕೆ ನೀರು ಜೀವಕ್ಕೆ ಯೋಗ್ಯವಾಗಿರುವುದಿಲ್ಲ.

ಆ ಸಂಜೆ ಅವರ ಮಡದಿ ಹೇಳಿದ್ದು ಇಷ್ಟೇ: "ದಿನವೆಲ್ಲ ಅಂಗಡಿಯಲ್ಲಿ ಅಳೆಯುವವರು ನೀವು. ಮನೆಯಲ್ಲಿ ಅಳತೆ ಮರೆತಿರಲ್ಲ. ಲಕ್ಕಮ್ಮ ತಾಯಿ ಹೆಚ್ಚಿನ ಅಕ್ಕಿಯನ್ನು ಸುಮ್ಮನೆ ತಿರುಗಿ ಕಳುಹಿಸಿದರೇ?"

ಉಳಿದ ಒಂದು ಜೀವವನ್ನಾದರೂ ಕಾಪಾಡಬೇಕೆಂದು ದಂಪತಿಗಳು ಆಹಾರ ಕಡಿಮೆ ಮಾಡಿದರು. ದಿನವೂ ಸ್ವಲ್ಪ ನೀರು ತೆಗೆದು, ಕ್ಲೋರಿನ್ ಹೋಗಲಾಡಿಸಿದ ನೀರನ್ನು ತುಂಬಿದರು. ಮೀನು ಬದುಕಿತು, ಬೆಳೆಯಿತು. ಮೂರನೆಯ ವರ್ಷಕ್ಕೆ ಅದು ಒಂದೂವರೆ ಅಡಿಯಾಗಿ, 2 ಅಡಿ ಅಗಲದ ತೊಟ್ಟಿಯಲ್ಲಿ ತಿರುಗುವಾಗಲೆಲ್ಲ ಗಾಜಿಗೆ ಬಾಲ ಬಡಿಯುತ್ತಿತ್ತು. ಅವರು ಮಠಕ್ಕೆ ಬಂದು ಪೂಜ್ಯರಲ್ಲಿ ಅರಿಕೆ ಮಾಡಿಕೊಂಡರು: "ಬುದ್ಧಿ, ಮುಂದಿನ ಹುಣ್ಣಿಮೆಗೆ ಅದನ್ನು ಕುಂದವಾಡ ಕೆರೆಗೆ ಬಿಟ್ಟು ಬರಬೇಕೆಂದಿದ್ದೇನೆ. ಸೆರೆ ಬಿಡಿಸಿದ ಪುಣ್ಯವಾದರೂ ಬರಲಿ."

ಪೂಜ್ಯರು ಕೇಳಿದರು: "ಕೆರೆಯಲ್ಲಿ ಈಗಾಗಲೇ ಇರುವ ಜೀವಗಳ ಒಪ್ಪಿಗೆ ಕೇಳಿದಿರಾ? ನಿಮ್ಮ ಭಾರ ಇಳಿಸಿಕೊಳ್ಳುವುದಕ್ಕೆ ದಯೆಯೆಂದು ಹೆಸರಿಡಬೇಡಿ."

ಈ ಮಾತು ಕಠಿಣವಾದರೂ ಸತ್ಯ. ಪರದೇಶದ ಮೀನು ಸ್ಥಳೀಯ ಜೀವಿಗಳ ಆಹಾರಕ್ಕೆ ಪಾಲುದಾರನಾಗುತ್ತದೆ, ರೋಗವನ್ನೂ ಕೊಂಡೊಯ್ಯಬಹುದು. ಅಕ್ವೇರಿಯಂಗಳಿಂದ ಹೊರಬಿದ್ದ ಸಕ್ಕರ್ ಮೀನುಗಳು ಇಂದು ದೇಶದ ಅನೇಕ ಕೆರೆ-ನದಿಗಳಲ್ಲಿ ಸಂತತಿ ಬೆಳೆಸಿವೆ. 2023ರಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲಿ ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಮೀನು ಸಿಕ್ಕಿತು. ಯಾರೋ ತಮ್ಮ ಮನೆಯ ಭಾರವನ್ನು ನೀರಿಗಿಳಿಸಿದರೆ ಅದನ್ನು ಹೊರಬೇಕಾದದ್ದು ಇಡೀ ಸರೋವರ.

ಆ ಭಕ್ತರು ಹಿಂದಿರುಗಿ ಎರಡನೆಯ ತೊಟ್ಟಿಗೆ ಸಂಕಲ್ಪಿಸಿದರು. ಈ ಬಾರಿ ಗೋಡೆಯನ್ನು ಅಳೆಯಲಿಲ್ಲ, ಮೀನನ್ನು ಅಳೆದರು. ಅದು ಪೂರ್ಣ ಬೆಳೆದರೂ ಸರಾಗವಾಗಿ ತಿರುಗಲೆಂದು ಅಗಲ 4 ಅಡಿ, ಈಜಲೆಂದು ಉದ್ದ 10 ಅಡಿ, ನೀರಿನ ಆಳ 3 ಅಡಿ. ಅಷ್ಟು ಜಾಗದಲ್ಲಿ ಹಿಡಿಯುವ ನೀರು ಸುಮಾರು 3,400 ಲೀಟರ್, ಅದರ ತೂಕ 3.4 ಟನ್. ಮನೆಯ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ಲೆಕ್ಕಹಾಕಿರುತ್ತಾರೆ. ಇಲ್ಲಿ ಬೀಳುವುದು 900 ಕಿಲೋಗಿಂತ ಹೆಚ್ಚು. ಆದ್ದರಿಂದ ನಡುಮನೆಯ ಶೋಭೆಯನ್ನು ಬಿಟ್ಟು, ಹಿತ್ತಿಲ ಪಡಸಾಲೆಯಲ್ಲಿ ನೆಲ ಅಗೆದು, ಅಡಿಪಾಯ ಹಾಕಿಸಿ, ಮೂರು ಬದಿ ಕಾಂಕ್ರೀಟಿನ ಗೋಡೆ ಕಟ್ಟಿಸಿದರು. ಮುಂದಿನ ಗಾಜಿನ ಮೇಲೆ ನೀರು ಒಟ್ಟು ಒಂದೂಕಾಲು ಟನ್ನಿನಷ್ಟು ಬಲದಿಂದ ಒತ್ತುತ್ತದೆಂದು ಎಂಜಿನಿಯರರಿಂದ ತಿಳಿದು, ಅದಕ್ಕೆ ತಕ್ಕ ದಪ್ಪದ ಗಾಜನ್ನೇ ಕೂಡಿಸಿದರು. ಹೊಸ ಸಿಮೆಂಟಿನ ಕ್ಷಾರ ಇಳಿಯುವವರೆಗೆ ಹಲವು ಬಾರಿ ನೀರು ತುಂಬಿ ಖಾಲಿ ಮಾಡಿದರು. ಹಳೆಯ ಶೋಧಕದ ಸ್ಪಂಜಿನ ಒಂದು ಭಾಗವನ್ನು ಹೊಸ ಶೋಧಕದಲ್ಲಿಟ್ಟರು. ಹಾಕಿದ ಅಮೋನಿಯಾವೂ ಅದರಿಂದ ಹುಟ್ಟಿದ ನೈಟ್ರೈಟೂ ಪರೀಕ್ಷೆಯಲ್ಲಿ ಶೂನ್ಯಕ್ಕೆ ಇಳಿದ ಮೇಲೆಯೇ ಮೀನನ್ನು ಬಿಟ್ಟರು. ಒಂದೇ ರಾತ್ರಿಯಲ್ಲಿ ಮೊದಲ ತೊಟ್ಟಿ ತುಂಬಿಸಿದವರು ಎರಡನೆಯದಕ್ಕೆ ವಾರಗಟ್ಟಲೆ ಕಾದರು.

ಈ ಕೆಲಸಕ್ಕೆ ಕೈಹಾಕುವ ಮುನ್ನ ಮಗನನ್ನು ಕೂರಿಸಿಕೊಂಡು ಒಂದು ಮಾತು ಕೇಳಿದ್ದರು. ಈ ಮೀನು 20 ವರ್ಷ ಮೀರಿ ಬದುಕಬಲ್ಲದು. ಅವರಿಗಾಗಲೇ 61. "ನನ್ನ ನಂತರ ಇದರ ನೀರು ಬದಲಿಸುವೆಯಾ?" ಮಗ ತಕ್ಷಣ ಉತ್ತರಿಸಲಿಲ್ಲ. ಎರಡು ದಿನ ಯೋಚಿಸಿ, "ಆಗಲಿ ಅಪ್ಪಾಜಿ" ಎಂದ. ಆ ಎರಡು ದಿನಗಳ ಮೌನವನ್ನು ತಂದೆ ಬಹುವಾಗಿ ಮೆಚ್ಚಿಕೊಂಡರು. ವಿಚಾರಿಸದೆ ಕೊಟ್ಟ ಮಾತು ನಿಲ್ಲುವುದು ಕಷ್ಟವೆಂಬುದನ್ನು ಅವರು ತಮ್ಮಿಂದಲೇ ಕಲಿತಿದ್ದರು.

ಈಗ ವಾರಕ್ಕೊಮ್ಮೆ ಕಾಲುಭಾಗ, ಅಂದರೆ ಸುಮಾರು 850 ಲೀಟರ್ ನೀರು ಬದಲಾಗುತ್ತದೆ. ನೈಟ್ರೇಟ್ ಕೂಡಿದ ಆ ನೀರು ಗಿಡಗಳಿಗೆ ಗೊಬ್ಬರ. ಅದು ಹಿತ್ತಿಲ ತೆಂಗಿಗೂ ಸೊಪ್ಪಿನ ಮಡಿಗಳಿಗೂ ಹರಿಯುತ್ತದೆ. ಆ ಮಡಿಯ ಪಾಲಕ್, ಹರಿವೆ ಮತ್ತೆ ಮೀನಿಗೆ ಆಹಾರವಾಗುತ್ತವೆ, ಏಕೆಂದರೆ ಗೌರಾಮಿ ಬೆಳೆದಂತೆ ಹೆಚ್ಚಾಗಿ ಸೊಪ್ಪು, ಹಣ್ಣುಗಳನ್ನೇ ತಿನ್ನುತ್ತದೆ. ಆದರೂ ಅದು ಪೂರ್ಣ ಸಸ್ಯಾಹಾರಿಯಲ್ಲ. ಮೀನಿನ ಪುಡಿ ಬೆರೆತ ಗುಳಿಗೆಯನ್ನು ಸ್ವಲ್ಪವಾದರೂ ಕೊಡಬೇಕಾದಾಗ ಮನೆಯಲ್ಲಿ ಜಿಜ್ಞಾಸೆ ಎದ್ದಿತು. ಕೊನೆಗೆ ಮಡದಿಯೇ ತೀರ್ಮಾನಿಸಿದರು: ಆಚಾರ ಮನುಷ್ಯರದು, ದೇಹಧರ್ಮ ಮೀನಿನದು, ಒಂದರ ಅಳತೆಯನ್ನು ಇನ್ನೊಂದರ ಮೇಲೆ ಹೇರುವುದು ಸಲ್ಲ. ಗುಳಿಗೆಯ ಡಬ್ಬಿ ಹಿತ್ತಿಲ ಗೂಡಿನಲ್ಲಿ ಬೇರೆಯೇ ಇರುತ್ತದೆ.

ಕಾಯಕವೆಂದರೆ ಜೀವನೋಪಾಯದ ದುಡಿಮೆ ಮಾತ್ರವಲ್ಲ. ಒಮ್ಮೆ ಕೈಗೆತ್ತಿಕೊಂಡದ್ದನ್ನು ಕಡೆಯವರೆಗೆ ನಡೆಸುವ ನಿಷ್ಠೆ ಅದು. ದಾಸೋಹವೆಂದರೆ ಕೈಗೆ ಬಂದಷ್ಟನ್ನು ಸುರಿಯುವುದಲ್ಲ, ಎದುರಿನ ಜೀವಕ್ಕೆ ಬೇಕಾದುದನ್ನು ಬೇಕಾದಷ್ಟೇ ನೀಡುವುದು. ಬೊಗಸೆ ತುಂಬಿ ಕೊಡುವುದು ಸುಲಭ. ಎಷ್ಟು ಕೊಡಬೇಕೆಂದು ತಿಳಿಯಲು ಆ ಜೀವವನ್ನು ದಿನವೂ ನೋಡುತ್ತಿರಬೇಕಾಗುತ್ತದೆ. ಲಕ್ಕಮ್ಮನವರು ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ್ದು ಅಂತಹ ನೋಟದ ಬಲದಿಂದಲೇ.

ಗೌರಾಮಿಗೆ ಕಿವಿರುಗಳ ಜೊತೆಗೆ ಗಾಳಿಯನ್ನು ನೇರವಾಗಿ ಸೇವಿಸುವ ಅಂಗವೂ ಇದೆ. ಸಂಜೆ ಶಿವಪೂಜೆ ಮುಗಿಸಿ ದಂಪತಿಗಳು ಪಡಸಾಲೆಗೆ ಬರುವ ಹೊತ್ತಿಗೆ ಅದು ನಿಧಾನವಾಗಿ ಮೇಲೇರಿ, ಒಂದು ಗುಟುಕು ಗಾಳಿ ತೆಗೆದುಕೊಂಡು ಕೆಳಗಿಳಿಯುತ್ತದೆ. ಸತ್ತ ಎಂಟು ಮರಿಗಳ ನೆನಪು ಅವರನ್ನು ಇಂದಿಗೂ ಬಿಟ್ಟಿಲ್ಲ. ಹಿಡಿ ಸೊಪ್ಪನ್ನು ಕೈಗೆತ್ತಿಕೊಂಡ ಅವರು ಒಮ್ಮೆ ನೋಡಿ, ಎರಡು ಎಲೆಗಳನ್ನು ತೆಗೆದು ಬುಟ್ಟಿಗೆ ಮರಳಿಸಿ, ಉಳಿದುದನ್ನು ನೀರಿಗೆ ಬಿಡುತ್ತಾರೆ.