ಸಕಲೇಶಪುರದಲ್ಲಿ ಶೇ. 80 ಸಾಕು

ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ಪೆಟ್ರೋಲ್ ಕಾರಿನವರು ಹಿಂದಿನ ಸಂಜೆ ಟ್ಯಾಂಕ್ ತುಂಬಿಸಿ, ತಿಂಡಿ ಎಲ್ಲಿ ಎಂಬುದೊಂದನ್ನೇ ಯೋಚಿಸಿ ಹೊರಡುತ್ತಾರೆ. ವಿದ್ಯುತ್ ಕಾರಿರುವ ಮನೆಯಲ್ಲಿ ಮಾತ್ರ ಅಂದು ರಾತ್ರಿ ಕಾಗದ, ಪೆನ್ನು ಹೊರಬರುತ್ತವೆ. ಎಲ್ಲಿ ನಿಲ್ಲಬೇಕು? ಎಷ್ಟು ಹೊತ್ತು? ಅಲ್ಲಿನ ಯಂತ್ರ ಕೆಟ್ಟಿದ್ದರೆ ಮುಂದೇನು? ಹಿಂದಿನ ಸೀಟಿನಲ್ಲಿ ವಯಸ್ಸಾದ ಅಜ್ಜಿಯೋ ಹಸುಗೂಸೋ ಇದ್ದರೆ ಈ ಲೆಕ್ಕ ತಪ್ಪುವಂತಿಲ್ಲ.

ವಿದ್ಯುತ್ ಕಾರು ಬೆಂಗಳೂರಿಗೆ ಹೊಸದೇನಲ್ಲ. 2001ರಲ್ಲಿ ಇಲ್ಲಿಂದಲೇ ಹೊರಬಂದ ರೇವಾ ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಓಡುತ್ತಿತ್ತು, ಕುಣಿಗಲ್ ಮುಟ್ಟಿದರೆ ಅದೇ ದೊಡ್ಡದು. 2020ರಲ್ಲಿ ಬಂದ ಮೊದಲ ನೆಕ್ಸಾನ್ ವಿದ್ಯುತ್ ಕಾರಿನ ಬ್ಯಾಟರಿ ಹಿಡಿಯುವುದು 30.2 ಯೂನಿಟ್, ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್. ಪ್ರಮಾಣಪತ್ರದಲ್ಲಿ ಅದಕ್ಕೆ 312 ಕಿ.ಮೀ. ಎಂದಿತ್ತು. ಹೆದ್ದಾರಿಗಿಳಿಯುವವರು 200 ಎಂದು ಹಿಡಿಯುವುದೇ ಜಾಣತನ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿ.ಮೀ. ಬದಲು 100ರಲ್ಲಿ ಓಡಿಸಿದರೆ ಆ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಹೊಸ ಕಾರುಗಳ ಬ್ಯಾಟರಿ ಇದಕ್ಕಿಂತ ದೊಡ್ಡವು, ಅವಕ್ಕೆ ಒಂದು ನಿಲುಗಡೆ ಸಾಕಾದೀತು. ಆದರೆ ಹಳೆಯವೂ ಕೈಬದಲಾಗಿ ಓಡುತ್ತಲೇ ಇವೆ, ಲೆಕ್ಕ ಕಲಿಸುವುದೂ ಅವೇ.

ಮೊದಲ ನಿಲುಗಡೆಯನ್ನು ಹೊಟ್ಟೆಯೇ ನಿರ್ಧರಿಸುತ್ತದೆ. ಬೆಳ್ಳೂರು ಕ್ರಾಸ್ ಆಸುಪಾಸಿಗೆ ನೂರು ಕಿ.ಮೀ. ಮುಗಿದು ಬ್ಯಾಟರಿ ಅರ್ಧಕ್ಕೆ ಬಂದಿರುತ್ತದೆ. ಹೋಟೆಲಿನ ಅಂಗಳದ ಯಂತ್ರಕ್ಕೆ ಕಾರು ಜೋಡಿಸಿ ಇಡ್ಲಿ, ವಡೆ, ಕಾಫಿ ಮುಗಿಸುವಷ್ಟರಲ್ಲಿ ಅಂಕೆ ಶೇ. 80ರ ಹತ್ತಿರ. ಅಲ್ಲಿಗೆ ಏಳಬೇಕು. ಕಂಠದವರೆಗೆ ತುಂಬಿದ ಕೊಡಕ್ಕೆ ನೀರನ್ನು ಧಾರೆ ಸಣ್ಣದು ಮಾಡಿ ಹಾಕುವಂತೆ, 80 ದಾಟಿದ ಮೇಲೆ ಬ್ಯಾಟರಿಯೂ ಕರೆಂಟನ್ನು ನಿಧಾನವಾಗಿ ತೆಗೆದುಕೊಳ್ಳುತ್ತದೆ. ಕೊನೆಯ ಇಪ್ಪತ್ತಕ್ಕೆ ಕಾಯುವ ಹೊತ್ತಿನಲ್ಲಿ ಚನ್ನರಾಯಪಟ್ಟಣ ದಾಟಬಹುದು.

ಹೊರಡುವ ಮೊದಲು ಹೋಟೆಲಿಗೊಂದು ಫೋನ್ ಮಾಡುವ ಅಭ್ಯಾಸ ಅನುಭವಸ್ಥರದು. ಮೊಬೈಲಿನ ನಕ್ಷೆಯಲ್ಲಿ ಹಸಿರು ಚುಕ್ಕೆ ಕಂಡರಾಗದು. "ಬೆಳಿಗ್ಗೆ ನಡೀತಿತ್ತು ಸಾರ್, ಈಗ ಕರೆಂಟಿಲ್ಲ" ಎಂಬ ಸತ್ಯ ನಕ್ಷೆಗೆ ಗೊತ್ತಿರುವುದಿಲ್ಲ, ಕ್ಯಾಷಿಯರ್‌ಗೆ ಗೊತ್ತಿರುತ್ತದೆ.

ಎರಡನೆಯ ನಿಲುಗಡೆ ಸಕಲೇಶಪುರ, ಊಟದ ಹೊತ್ತು. ಮುಂದೆ ಮಂಗಳೂರಿಗೆ ಇನ್ನು 130 ಕಿ.ಮೀ. ಎಂದು ಇಲ್ಲಿ ಪೂರ್ತಿ ತುಂಬಿಸಿಕೊಳ್ಳುವವರು ಒಂದು ಉಡುಗೊರೆಯನ್ನು ಕಳೆದುಕೊಳ್ಳುತ್ತಾರೆ. ಊರು ಬಿಟ್ಟು ಸ್ವಲ್ಪ ದೂರದ ದೋಣಿಗಲ್ ದಾಟಿದರೆ ಶಿರಾಡಿ ಘಾಟಿ. ಇಳಿಜಾರಿನಲ್ಲಿ ಕಾಲು ತೆಗೆದರೆ ಮೋಟಾರೇ ಡೈನಮೋ ಆಗಿ, ಚಕ್ರದ ಓಟವನ್ನು ತಡೆಯುತ್ತ ಬ್ಯಾಟರಿಗೆ ಕರೆಂಟು ಕಳಿಸುತ್ತದೆ. ತುಂಬಿದ ಬ್ಯಾಟರಿಗೆ ಅದನ್ನು ತೆಗೆದುಕೊಳ್ಳಲು ಜಾಗವಿಲ್ಲ. ಆಗ ಎಲ್ಲ ಕೆಲಸವೂ ಬ್ರೇಕಿನದು, ಎಲ್ಲವೂ ಶಾಖವಾಗಿ ಹೋಗುತ್ತದೆ. ಶೇ. 80ರಲ್ಲಿ ಇಳಿದವರು ಕೆಂಪುಹೊಳೆಯನ್ನು ಪಕ್ಕದಲ್ಲಿಟ್ಟುಕೊಂಡು ಮಾರನಹಳ್ಳಿ ದಾಟಿ ಗುಂಡ್ಯ ತಲುಪುವಾಗ ಅಂಕೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಮಕ್ಕಳು ಹೊಳೆ ನೋಡುವುದನ್ನು ಬಿಟ್ಟು ಪರದೆಯನ್ನೇ ನೋಡುವುದುಂಟು.

ಇಳಿದವರು ಹತ್ತಲೇಬೇಕು. ನಾಲ್ಕು ಜನ, ಗಂಟುಮೂಟೆ ಸೇರಿ 1,700 ಕಿಲೋ ತೂಗುವ ಕಾರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಏರಬೇಕು. ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಒಂದೂವರೆ ಕೋಟಿ ಜೂಲ್, ಅಂದರೆ ನಾಲ್ಕು ಯೂನಿಟ್‌ಗಿಂತ ತುಸು ಹೆಚ್ಚು. ಮೋಟಾರು, ತಂತಿಗಳಲ್ಲಿ ಆಗುವ ನಷ್ಟ ಸೇರಿಸಿ ಐದು ಎನ್ನಿ. ಬಯಲಿನಲ್ಲಿ ಅಷ್ಟು ಕರೆಂಟಿಗೆ 35 ಕಿ.ಮೀ. ಹೋಗಬಹುದು. ಹೀಗಾಗಿ ಮಂಗಳೂರಿನಿಂದ ಸಕಲೇಶಪುರಕ್ಕೆ ಕಲ್ಲು ಹೇಳುವುದು 130, ಬ್ಯಾಟರಿ ಎಣಿಸುವುದು 165. ಪಕ್ಕದ ಸಕಲೇಶಪುರ–ಸುಬ್ರಹ್ಮಣ್ಯ ರೈಲುಮಾರ್ಗದಲ್ಲಿ 50ಕ್ಕೆ 1ರ ಏರು. ಅಲ್ಲಿ ಹತ್ತುವ ರೈಲನ್ನು ಹಿಂದಿನಿಂದ ನೂಕಲು ಬೇರೆ ಎಂಜಿನ್‌ಗಳಿರುತ್ತವೆ. ಕಾರಿಗೆ ಆ ಭಾಗ್ಯವಿಲ್ಲ. ತುಂಬಿಸಿಕೊಂಡು ಮಂಗಳೂರು ಬಿಟ್ಟರೂ ಉಪ್ಪಿನಂಗಡಿಯ ಸುತ್ತ ಹತ್ತು ನಿಮಿಷ ನಿಂತು ಒಂದಿಷ್ಟು ಸೇರಿಸಿಕೊಳ್ಳುವುದು ಈ ಕಾರಣಕ್ಕೆ.

ಘಾಟಿಯಲ್ಲಿ ಲಾರಿ ಅಡ್ಡನಿಂತು ಸಾಲುಗಟ್ಟಿದರೆ ವಿದ್ಯುತ್ ಕಾರಿನವರು ಹೆದರುವುದು ಸಹಜ, ಆದರೆ ಅನವಶ್ಯಕ. ನಿಂತ ಕಾರಿನ ಮೋಟಾರು ತಿನ್ನುವುದಿಲ್ಲ, ಎ.ಸಿ. ಗಂಟೆಗೆ ಒಂದು ಯೂನಿಟ್ ಆಸುಪಾಸು ತಿಂದೀತು. ನಿಜವಾದ ಅಂಜಿಕೆ ಮಳೆಗಾಲದ್ದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಶಿರಾಡಿ ಬಂದ್ ಆಯಿತು. 2024ರ ಜುಲೈನಲ್ಲಿ ದೋಣಿಗಲ್ ಬಳಿ ಮತ್ತೆ ಅದೇ ಕತೆ. ಪೆಟ್ರೋಲ್ ಕಾರಿನವರು ಗೊಣಗುತ್ತ ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ತಿರುಗಿ ಚಾರ್ಮಾಡಿ ಇಳಿಯುತ್ತಾರೆ. ಶೇ. 20 ಉಳಿಸಿಕೊಂಡು ಸಕಲೇಶಪುರಕ್ಕೆ ಬಂದು, ಅಲ್ಲಿನ ಯಂತ್ರವೂ ಕೆಟ್ಟಿರುವುದನ್ನು ಕಂಡವರಿಗೆ ಆ ದಾರಿಯೂ ಇಲ್ಲ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾಗ್ರತೆಯುಳ್ಳವರು ಎರಡನೆಯ ನಿಲುಗಡೆಯನ್ನು ಹಾಸನಕ್ಕೆ ಹಿಂದೂಡುತ್ತಾರೆ. ಊಟ ಸ್ವಲ್ಪ ಬೇಗವಾಗುತ್ತದೆ. ಆದರೆ ಶಿರಾಡಿಯೋ ಚಾರ್ಮಾಡಿಯೋ ಎಂದು ವಿಚಾರಿಸಿಕೊಂಡು ಸ್ಟಿಯರಿಂಗ್ ತಿರುಗಿಸಲು ಅಲ್ಲಿ ಇನ್ನೂ ಅವಕಾಶವಿರುತ್ತದೆ.