ವರಲಕ್ಷ್ಮಿ ಬಂದ್ಲು, ಸೌಂಡ್ ಜಾಸ್ತಿ ಇಡು

‘ಮಜಾ ಟಾಕೀಸ್’ ಅಂದ್ರೆ ನಮ್ಮನೆಯವರಿಗೆ ಆಗ್ತಿರಲಿಲ್ಲ. ‘ಅದೇನು ಕಥೆನಾ, ಆರ್ಕೆಸ್ಟ್ರಾನಾ, ಸಂದರ್ಶನನಾ, ತಲೆ ಬುಡ ಇಲ್ಲ’ ಅಂತಿದ್ರು. ಅವರು ಹೇಳಿದ್ದು ಸುಳ್ಳಲ್ಲ ಬಿಡಿ. ಒಂದು ಮನೆ ಸೆಟ್ಟು, ಅದರೊಳಗೆ ಸೃಜನ್ ಲೋಕೇಶ್ ಯಜಮಾನ, ಶ್ವೇತಾ ಚೆಂಗಪ್ಪ ಹೆಂಡ್ತಿ ರಾಣಿ. ಪಕ್ಕದಲ್ಲೇ ರೆಮೋ ಅವರ ಬ್ಯಾಂಡು. ಮಾತಾಡ್ತಾ ಮಾತಾಡ್ತಾ ಯಾರೋ ಹಾಡು ಎತ್ತಿಬಿಡ್ತಾರೆ, ಡ್ರಮ್ಮು ಡಬ್ ಅನ್ನುತ್ತೆ. ಸಿನಿಮಾದವರು ಅತಿಥಿಯಾಗಿ ಬಂದು ಕೂತಿರ್ತಾರೆ, ಕುರಿ ಪ್ರತಾಪ್ ಯಾವ್ದೋ ವೇಷದಲ್ಲಿ ನುಗ್ಗಿ ಅವರ ಕಾಲೆಳೀತಾರೆ. 2015ರಲ್ಲಿ ಶುರುವಾದಾಗ ನನಗೂ ಇದೇನಪ್ಪಾ ಅನ್ನಿಸಿತ್ತು.

ಆದ್ರೆ ನಮ್ಮತ್ತೆ ಎರಡನೇ ವಾರಕ್ಕೇ ಹಿಡಿದುಬಿಟ್ರು. ‘ಇದು ಕಂಪನಿ ನಾಟಕ ಕಣೇ. ಪೆಟ್ಟಿಗೆ ಮಾಸ್ತರು ಪಕ್ಕದಾಗೆ ಕುಂತಾನೆ ನೋಡು’ ಅಂದ್ರು.

ನಮ್ಮತ್ತೆ ತೌರು ಜಗಳೂರು ಕಡೆ ಒಂದು ಹಳ್ಳಿ. ಮಳೆ ಕಾಣದ ಸೀಮೆ, ಜೋಳ ಶೇಂಗಾ ನಂಬಿದ ಮನೆ. ಅವರ ಕಾಲಕ್ಕೆ ಮನರಂಜನೆ ಅಂದ್ರೆ ಜಾತ್ರೆ, ಜಾತ್ರೆ ಅಂದ್ರೆ ನಾಟಕ. ನಮ್ಮ ದಾವಣಗೆರೆ ಚಿಂದೋಡಿ ಲೀಲಾ ಅವರ ಊರು ತಾನೇ? ಅವರಪ್ಪ ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ ಹೆಸರು ಕೇಳದ ಮನೆ ನಮ್ಮ ಕಡೆ ಇರಲಿಲ್ಲ. ಅವರ ನಾಟಕ ಅಂದ್ರೆ ಗಾಡಿ ಕಟ್ಟಿಕೊಂಡು ಹೋಗೋರಂತೆ. ಗಾಡಿ ತುಂಬ ಗಂಡಸ್ರು. ಮರ್ಯಾದಸ್ಥರ ಮನೆ ಹೆಣ್ಮಕ್ಕಳು ಟೆಂಟಿಗೆ ಕಾಲಿಡಬಾರದು ಅಂತ ಅವರ ದೊಡ್ಡಪ್ಪನ ಕಟ್ಟಪ್ಪಣೆ. ನಮ್ಮತ್ತೆ ನಾಟಕ ಅಂತ ನೋಡಿದ್ದೇ ಇಲ್ಲ. ನೋಡಿ ಬಂದ ಅಣ್ಣ ದನದ ಕೊಟ್ಟಿಗೇಲಿ ಹಾಸ್ಯಗಾರನ ಪದ ಹೇಳ್ಕೊಂಡು ಹಾಲು ಕರಿಯೋನಂತೆ, ಅದನ್ನ ಕೇಳಿಸಿಕೊಂಡಿದ್ದೇ ಇವರ ಪಾಲಿನ ನಾಟಕ.

ಅಂಥವರು ಚನ್ನಗಿರಿಯ ಅಡಿಕೆ ತೋಟದ ಮನೆಗೆ ಸೊಸೆಯಾಗಿ ಬಂದ್ರು. ನಾನು ಬರೋ ಹೊತ್ತಿಗೆ ಅವರೇ ಇನ್ನೊಬ್ಬ ದೊಡ್ಡಪ್ಪ ಆಗಿದ್ರು ಅಂದ್ರೆ ತಪ್ಪಿಲ್ಲ. ‘ನಗೋ ಹೆಂಗಸನ್ನ, ಅಳೋ ಗಂಡಸನ್ನ ನಂಬಬಾರದು’ ಅನ್ನೋ ಗಾದೆನ ನನಗೆ ಎಷ್ಟು ಸಲ ಹೇಳಿದಾರೋ ಲೆಕ್ಕ ಇಲ್ಲ. ಅಡುಗೆಮನೇಲಿ ನಾನೂ ನಾದಿನಿಯೂ ಕಿಸಕ್ ಅಂದ್ರೆ ಆಚೆಯಿಂದ ಕೆಮ್ಮು ಕೇಳಿಸೋದು.

ಆಗ ನಮ್ಮನೇಲಿ ಕೊಯ್ಲಿನ ಸಮಯಕ್ಕೆ ಹತ್ತು ಹನ್ನೆರಡು ಜನ ಹೆಂಗಸ್ರು ಅಡಿಕೆ ಸುಲಿಯೋಕೆ ಬರೋರು. ಹಸಿ ಅಡಿಕೆ ಕಾಯಲ್ಲ, ಇವತ್ತು ಕೊಯ್ದಿದ್ದನ್ನ ಇವತ್ತೇ ಸುಲಿದಿಟ್ರೆ ನಾಳೆ ಬೆಳಿಗ್ಗೆ ಹಂಡೆಗೆ. ರಾತ್ರಿ ಹನ್ನೊಂದಾದರೂ ಕತ್ತಿ ನಿಲ್ಲಂಗಿಲ್ಲ. ಬೆರಳೆಲ್ಲಾ ಕರ‍್ರಗೆ, ಸೊಂಟ ಹಿಡಿದುಕೊಂಡಿರುತ್ತೆ, ಆಕಳಿಕೆ ಬೇರೆ. ಶನಿವಾರ ಭಾನುವಾರ ಮಾತ್ರ ಟಿ.ವಿ.ನ ಪಡಸಾಲೆ ಬಾಗಿಲಿಗೆ ತಿರುಗಿಸಿ ಇಡ್ತಿದ್ವಿ. ಆ ಎರಡು ರಾತ್ರಿ ಕರೀದೆ ಇದ್ದೋರೂ ಸುಲಿಯೋಕೆ ಬಂದುಬಿಡೋರು! ಧಾರಾವಾಹಿ ಆದ್ರೆ ಮುಖ ನೋಡ್ತಾ ಕೂರಬೇಕು, ಕೈ ಕುಯ್ಕೋತೀವಿ. ಇದು ಹಂಗಲ್ಲ, ಕಿವಿಗೆ ಬಿದ್ರೆ ಸಾಕು. ಹಾಡು, ಮಾತು, ಡ್ರಮ್ಮು, ಎಲ್ಲಾ ಕೇಳಿ ನಗೋವಂಥದ್ದು. ನಮ್ಮತ್ತೆ ಕೊಟ್ಟಿಗೆಯಿಂದ ನಾಟಕ ಕೇಳಿದಂಗೇ ಅಂತ ನನಗೆ ಆಮೇಲೆ ಹೊಳೀತು.

ಸೃಜನ್ ಯಾರ ಮಗ ಅಂತ ಅತ್ತೆ ಕೇಳಿದ್ರು. ‘ಭೂತಯ್ಯನ ಮಗ ಅಯ್ಯು’ವಿನ ಲೋಕೇಶ್ ಮಗ ಅಂದೆ. ಆ ಲೋಕೇಶ್ ಅಪ್ಪ ಸುಬ್ಬಯ್ಯ ನಾಯ್ಡು. 1934ರ ‘ಸತಿ ಸುಲೋಚನ’, ಕನ್ನಡದ ಮೊದಲ ಮಾತಿನ ಸಿನಿಮಾ, ಅದರ ಹೀರೋ. ಅದಕ್ಕೂ ಮೊದ್ಲು ಆರ್. ನಾಗೇಂದ್ರರಾಯರ ಜೊತೆ ನಾಟಕ ಕಂಪನಿ ನಡೆಸಿದೋರು. ಇಷ್ಟು ಹೇಳಿದ್ದಕ್ಕೆ ಅತ್ತೆ, ‘ಮತ್ತೆ! ನಾನು ಹೇಳ್ಲಿಲ್ವಾ’ ಅಂತ ನಮ್ಮನೆಯವರ ಮುಖ ನೋಡಿದ್ರು. ಮುದ್ದೇಶನ ಪಾರ್ಟು ಮಾಡ್ತಿದ್ದ ಮಂಡ್ಯ ರಮೇಶ್ ಕೂಡ ನೀನಾಸಂನಲ್ಲಿ ಕಲಿತು ಬಂದ ನಾಟಕದೋರೇ.

ಆದ್ರೆ ನಮ್ಮ ಪಡಸಾಲೆಗೆ ಮುಖ್ಯವಾದೋಳು ವರಲಕ್ಷ್ಮಿ. ಅಪರ್ಣಾ. ನಾನು ಓದೋ ಕಾಲದಿಂದ ದೂರದರ್ಶನದಲ್ಲಿ ನೋಡಿದ್ದ ಅಪರ್ಣಾ, ಪುಟ್ಟಣ್ಣನವರ ‘ಮಸಣದ ಹೂವು’ ಅಪರ್ಣಾ. ಅವರ ಅಲ್ಪಪ್ರಾಣ ಮಹಾಪ್ರಾಣ ಕೇಳಿ ಪಿ.ಯು.ಸಿ.ಯಲ್ಲಿ ನಾವು ಹುಡುಗಿಯರು ನಿರೂಪಣೆ ಅಭ್ಯಾಸ ಮಾಡ್ತಿದ್ವಿ. ಅಷ್ಟು ಗಂಭೀರದ ಹೆಂಗಸು ನಡುವಯಸ್ಸಲ್ಲಿ ಬಿಂಕ ಮಾಡ್ಕೊಂಡು, ಎಲ್ಲರ ಕೈಲಿ ಆಡಿಸ್ಕೊಂಡು, ಮತ್ತೆ ತಲೆ ಎತ್ತಿ ಮಾತಿಗೆ ಮಾತು ಕೊಡೋದು ನೋಡಿದ್ರೆ ನನಗೆ ಮೊದಮೊದಲು ಕಸಿವಿಸಿ ಆಗ್ತಿತ್ತು. ಯಾಕೆ ಬೇಕಿತ್ತು ಇವರಿಗೆ ಅಂತ. ಗಂಡಸ್ರು ಸೀರೆ ಉಟ್ಟು ಕುಣಿಯೋದು, ದಪ್ಪ ಇರೋರನ್ನ ಆಡಿಕೊಳ್ಳೋದು, ಟಿ.ವಿ. ಹಾಸ್ಯದಲ್ಲಿ ಇವೆಲ್ಲಾ ಇವತ್ತಿಗೂ ನನಗೆ ಹಿಡಿಸಲ್ಲ. ವರಲಕ್ಷ್ಮಿ ಬೇರೆ. ಅವಳನ್ನ ನೋಡಿ ನಗ್ತಾ ಇರೋದು ನಾವಾ, ನಮ್ಮನ್ನ ನೋಡಿ ನಗ್ತಾ ಇರೋದು ಅವಳಾ ಅಂತ ಗೊತ್ತಾಗ್ತಿರಲಿಲ್ಲ.

‘ವರಲಕ್ಷ್ಮಿ ಬಂದ್ಲು, ಸೌಂಡ್ ಜಾಸ್ತಿ ಇಡು’ ಅನ್ನೋರು ಅತ್ತೆ. ಮೊದಲು ಸೆರಗು ಬಾಯಿಗೆ ಒತ್ತಿ ನಗೋರು. ಆಮೇಲೆ ಸೆರಗು ಕೆಳಗೆ ಬಂತು. ಒಂದಿನ ಹಲ್ಲಿಲ್ಲದ ಬಾಯಿ ಪೂರ್ತಿ ತೆಗೆದು ಗಹಗಹಿಸಿದ್ದು ಕೇಳಿ ನನ್ನ ನಾದಿನಿ ಒಳಗಿಂದ ಓಡಿ ಬಂದ್ಲು, ಏನಾಯ್ತೋ ಅಂತ!

ಆವಾಗಲೇ ಒಂದು ರಾತ್ರಿ, ಕರೆಂಟ್ ಹೋಯ್ತು. ಲಾಟೀನು ಹಚ್ಚಿ ಸುಲೀತಾ ಇದ್ವಿ, ಎಲ್ಲರೂ ಸುಮ್ಮನಿದ್ರು. ಅತ್ತೆ ಗೋಡೆಗೆ ಒರಗಿಕೊಂಡೇ ಒಂದು ಪದ ಎತ್ತಿದ್ರು. ಅಣ್ಣ ಕೊಟ್ಟಿಗೇಲಿ ಹೇಳ್ತಿದ್ದದ್ದು. ಮಾವನ ಮನೆಗೆ ಬಂದ ಅಳಿಯ ಹಸಿದುಕೊಂಡು ನಾಚೋ ಪದ. ಸ್ವರ ನಡುಗ್ತಿತ್ತು, ತಾಳ ಮಾತ್ರ ಕತ್ತಿ ಬಿದ್ದಂಗೆ ಬೀಳ್ತಿತ್ತು. ಸುಲಿಯೋ ಹೆಂಗಸ್ರು ‘ಒನ್ಸ್ ಮೋರ್’ ಅಂದ್ರು, ಅತ್ತೆ ಮತ್ತೆ ಹೇಳಿದ್ರು. ಬಾಗಿಲಲ್ಲಿ ನಮ್ಮನೆಯವರು ನಿಂತಿದ್ರು, ಟಾರ್ಚ್ ಆರಿಸಿಕೊಂಡು. ಐವತ್ತೈದು ವರ್ಷದ ಮಗ ಅವತ್ತೇ ಮೊದಲು ತಾಯಿ ಹಾಡಿದ್ದು ಕೇಳಿದ್ದು. ಮಾರನೇ ವಾರದಿಂದ ಟಿ.ವಿ. ಬಗ್ಗೆ ಅವರು ಮಾತೆತ್ತಲಿಲ್ಲ, ತಾವೇ ತಿರುಗಿಸಿಟ್ಟು ತೋಟಕ್ಕೆ ಹೋಗೋರು.

ಅತ್ತೆ ಹೋಗಿ ಆರು ವರ್ಷ ಆಯ್ತು. 2024ರ ಜುಲೈ 11ರ ರಾತ್ರಿ ಅಪರ್ಣಾ ಹೋದ್ರು, ಶ್ವಾಸಕೋಶದ ಕ್ಯಾನ್ಸರ್. ನ್ಯಾಮತಿಯಿಂದ ನಮ್ಮಕ್ಕ ಫೋನ್ ಮಾಡಿ, ‘ವರಲಕ್ಷ್ಮಿ ಹೋಗ್ಬಿಟ್ಳಂತೆ ಕಣೇ’ ಅಂತ ಅತ್ಲು, ನಮ್ಮ ಕೇರಿಯೋರೇ ಅನ್ನೋಹಂಗೆ. ಬೆಂಗಳೂರಿಗೆ ಮಗನ ಮನೆಗೆ ಹೋದಾಗ ಮೆಟ್ರೋದಲ್ಲಿ ಅವರ ದನಿ ಕೇಳಿದೀನಿ. ಆ ದನಿ ಕೇಳ್ತಿದ್ದಂಗೆ ನನಗೆ ಮುಂದಿನ ನಿಲ್ದಾಣ ನೆನಪಾಗಲ್ಲ, ಅಡಿಕೆ ರಾಶಿ ನೆನಪಾಗುತ್ತೆ.

ಹೊನ್ನಾಳಿಯಲ್ಲಿರೋ ಮಗಳು ಹಳೇ ಎಪಿಸೋಡು ಹುಡುಕಿ ಕಳಿಸ್ತಾಳೆ. ಅವೆಲ್ಲಾ ಸಿಗ್ತವೆ. ಸಿಗದೇ ಇರೋದು ಅತ್ತೆಯ ಪದ. ನನಗೆ ಬರೋದು ಎರಡೇ ಸಾಲು. ಹೋದ ಯುಗಾದಿಗೆ ಜಗಳೂರಿಗೆ ಹೋದಾಗ ಅವರಣ್ಣನ ಮಗನನ್ನ ಕೇಳಿದೆ. ಅವನು ಬೇವು ಬೆಲ್ಲದ ತಟ್ಟೆ ಹಿಡಕೊಂಡೇ ನಿಂತ, ‘ನಮ್ಮಪ್ಪ ಹಾಡ್ತಿದ್ನಾ ಅತ್ತಿಗೆಮ್ಮಾ?’ ಅಂದ.