ಬೆಟ್ಟದ ಹುಲ್ಲುಹಾಸು, ಬಯಲಿನ ಕರಿಕೆ

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ, ಹಟ್ಟಿಯ ಚಿನ್ನದ ಗಣಿಯ ಆಸುಪಾಸಿನಲ್ಲಿ, ಗುರುಗುಂಟಾ ಎಂಬ ಊರಿದೆ. ನಿಜಾಮರ ಕಾಲದಲ್ಲಿ ನಾಯಕ ಮನೆತನದ ಪುಟ್ಟ ಸಂಸ್ಥಾನವಾಗಿದ್ದ ಈ ಊರು ಸಮೀಪದ ಅಮರೇಶ್ವರ ಕ್ಷೇತ್ರದಿಂದಾಗಿ ಭಕ್ತರಿಗೆ ಪರಿಚಿತ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಸೀಮೆ ಇದು. ಚೈತ್ರ ಕಳೆದು ವೈಶಾಖ ಕಾಲಿಟ್ಟಿತೆಂದರೆ ಎರೆಯ ಹೊಲಗಳು ಬಾಯಿ ಬಿಡುತ್ತವೆ. ಬಿರುಕಿನಲ್ಲಿ ಕೈಯಿಟ್ಟರೆ ಮೊಣಕೈವರೆಗೆ ಇಳಿದೀತು. ಇಂಥ ನಾಡಿನ ಕುಟುಂಬವೊಂದು ಬೇಸಗೆಯ ರಜೆಯಲ್ಲಿ ಮೈಸೂರು, ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ಉದಕಮಂಡಲವನ್ನು ಸೇರಿದರೆ, ಹೂವಿಗಿಂತಲೂ ಸರೋವರಕ್ಕಿಂತಲೂ ಮೊದಲು ಅವರ ಮನಸ್ಸನ್ನು ಸೆಳೆಯುವುದು ಕಾಲಡಿಯ ಹುಲ್ಲು. ಹಿರಿಯರೊಬ್ಬರು ಚಪ್ಪಲಿ ಕಳಚಿ ಅದರ ಮೇಲೆ ಅಂಗಾಲನ್ನಿಟ್ಟು, “ಇಷ್ಟು ಹುಲ್ಲಿಗೆ ನೀರು ಯಾರು ಬಿಡ್ತಾರ್ರೀ?” ಎಂದು ತೋಟದವನನ್ನು ಕೇಳಿದರೆ ಆಶ್ಚರ್ಯವೇನೂ ಇಲ್ಲ.

ನೀರು ಬಿಡುವವನು ಹೆಚ್ಚಾಗಿ ಮೇಘರಾಜನೇ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಈ ಊರಿಗೆ ಮುಂಗಾರೂ ಹಿಂಗಾರೂ ಒಲಿದಿವೆ. ಬಿಸಿಲು ಸೌಮ್ಯ, ಮಂಜು ಧಾರಾಳ. ದೊಡ್ಡಬೆಟ್ಟದ ಇಳಿಜಾರಿನಲ್ಲಿರುವ ಸರ್ಕಾರಿ ಸಸ್ಯೋದ್ಯಾನವನ್ನು 1848ರಲ್ಲಿ ಇಂಗ್ಲೆಂಡಿನ ಕ್ಯೂ ತೋಟದಿಂದ ಬಂದ ವಿಲಿಯಂ ಗ್ರಹಾಂ ಮ್ಯಾಕೈವರ್ ರೂಪಿಸಲಾರಂಭಿಸಿದರು. ಕನ್ನಡಿಗರಿಗೆ ಇನ್ನಷ್ಟು ಆಪ್ತವಾದ ತೋಟವೂ ಇಲ್ಲುಂಟು. ಮೈಸೂರಿನ ಅರಸರು ಬೇಸಗೆಯ ಅರಮನೆಯನ್ನು ಹೊಂದಿದ್ದ ಫರ್ನ್‌ಹಿಲ್‌ನಲ್ಲಿ ಕರ್ನಾಟಕದ ತೋಟಗಾರಿಕೆ ಇಲಾಖೆಯು ಸುಮಾರು 38 ಎಕರೆ ವಿಸ್ತಾರದಲ್ಲಿ ‘ಕರ್ನಾಟಕ ಸಿರಿ’ಯನ್ನು ಬೆಳೆಸಿದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಲ್ಲಿನ ಹಸಿರನ್ನು ಕಂಡವರು, ತಮ್ಮ ಮನೆಯ ಮುಂದೆಯೂ ಇಂಥದೊಂದು ತುಣುಕಿರಬಾರದೇ ಎಂದು ಹಂಬಲಿಸದೆ ಹಿಂದಿರುಗುವುದು ಕಷ್ಟ.

ಆದರೆ ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಬೆಟ್ಟದ ಹುಲ್ಲಿಗೂ ಸಲ್ಲುತ್ತದೆ. ಮಳೆ ಹೆಚ್ಚಿದಲ್ಲಿ ಹುಲ್ಲುಹಾಸು ತಾನಾಗಿ ಹುಟ್ಟುವುದಿಲ್ಲ. ಸುರಿವ ನೀರು ಮಣ್ಣಿನ ಸಾರವನ್ನು ತೊಳೆದೊಯ್ದು ನೆಲವನ್ನು ಹುಳಿಯಾಗಿಸುತ್ತದೆ; ಆದುದರಿಂದ ಅಗತ್ಯವರಿತು ಸುಣ್ಣ ಬೆರೆಸಬೇಕು, ಕಳಿತ ಗೊಬ್ಬರ ಹಾಕಬೇಕು. ನೀರು ನಿಂತಲ್ಲಿ, ನೆರಳು ಬಿದ್ದಲ್ಲಿ ಹುಲ್ಲು ಸೋತು ಪಾಚಿ ಗೆಲ್ಲುತ್ತದೆ. ಅದಕ್ಕಾಗಿ ನೆಲಕ್ಕೆ ಸಣ್ಣ ಇಳಿಜಾರನ್ನೂ ಅಂಚಿಗೆ ಕಾಲುವೆಯನ್ನೂ ಕೊಡಬೇಕು. ಕಲ್ಲು, ಕಳೆಗಳನ್ನು ಆಯ್ದು ಹದಮಾಡಿದ ಮಣ್ಣಿನಲ್ಲಿ, ಮಳೆಗಾಲದ ಮೊದಲಲ್ಲಿ, ಹುಲ್ಲಿನ ಹಬ್ಬುಕಾಂಡದ ತುಂಡುಗಳನ್ನು ಗೇಣಿಗಿಂತ ಕಡಿಮೆ ಅಂತರದಲ್ಲಿ ನೆಡುತ್ತಾರೆ. ಮಳೆಯ ತಿಂಗಳುಗಳಲ್ಲಿ ವಾರಕ್ಕೊಮ್ಮೆಯಾದರೂ ಕತ್ತರಿಸದಿದ್ದರೆ ಅದು ಮೆತ್ತೆಯಂತೆ ಉಬ್ಬುತ್ತದೆ. ಒಂದೇ ಸಲಕ್ಕೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಿದರೆ ಬಳಲುತ್ತದೆ. ತೊಯ್ದ ನೆಲವನ್ನು ತುಳಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ತಪ್ಪುತ್ತದೆ. ಡಿಸೆಂಬರ್, ಜನವರಿಗಳಲ್ಲಿ ಬೀಳುವ ಹಿಮಮಂಜು ಒಂದೇ ರಾತ್ರಿಯಲ್ಲಿ ಹಸಿರನ್ನು ಕಂದಾಗಿಸಬಲ್ಲದು. ಆಗ ತೋಟದವರು ಮುಂಜಾನೆಯೇ ಎದ್ದು, ಬಿಸಿಲೇರುವ ಮೊದಲು ನೀರು ಚಿಮುಕಿಸಿ ಆ ಬಿಳಿಯ ಹೊದಿಕೆಯನ್ನು ಕರಗಿಸುತ್ತಾರೆ.

ನೀಲಗಿರಿಯ ಹುಲ್ಲುಹಾಸುಗಳಲ್ಲಿ ವಿಶೇಷವಾಗಿ ಬಳಕೆಯಲ್ಲಿರುವುದು ಕಿಕುಯು ಎಂಬ ಹುಲ್ಲು. ಪೂರ್ವ ಆಫ್ರಿಕದ ಎತ್ತರದ ಸೀಮೆ ಅದರ ತವರು. ಕೀನ್ಯದ ಒಂದು ಜನಾಂಗದ ಹೆಸರೇ ಅದಕ್ಕೆ ಬಂದಿದೆ. ತಂಪೂ ತೇವವೂ ಇದ್ದರೆ ಅದರ ಉತ್ಸಾಹಕ್ಕೆ ಮೇರೆಯಿಲ್ಲ. ತೋಟದ ಬೇಲಿಯನ್ನೂ ಅದು ಲೆಕ್ಕಿಸುವುದಿಲ್ಲ. ಸಾವಿರಾರು ವರ್ಷಗಳಿಂದ ನೀಲಗಿರಿಯ ನೆತ್ತಿಯನ್ನು ಹೊದೆದಿದ್ದುದು ಬೇರೆಯೇ ಹುಲ್ಲುಗಾವಲು: ಕಣಿವೆಗಳಲ್ಲಿ ಶೋಲಾ ಕಾಡು, ದಿಬ್ಬಗಳ ಮೇಲೆ ಒರಟಾದ ನಾಡಹುಲ್ಲು, ಅದರ ನಡುವೆ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ. ತೋಡರ ಎಮ್ಮೆಗಳು ಮೇಯ್ದದ್ದು ಅದನ್ನೇ. ಮಳೆಯನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ತೊರೆಗಳಿಗೆ ಸ್ವಲ್ಪಸ್ವಲ್ಪವಾಗಿ ಬಿಡುತ್ತಿದ್ದುದೂ ಅದೇ; ಆ ನೀರು ಮೋಯಾರು, ಭವಾನಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಹೊರನಾಡಿನ ವ್ಯಾಟಲ್ ಮತ್ತು ನೀಲಗಿರಿ ಮರಗಳ ನೆಡುತೋಪುಗಳು, ಚಹಾ ತೋಟಗಳು ಅದರ ಬಹುಭಾಗವನ್ನು ನುಂಗಿದವು. ಉಳಿದೆಡೆಗಳಲ್ಲಿ ಕಿಕುಯುವೂ ನುಸುಳಿದೆ. ಪ್ರವಾಸಿಗರು ಮೆಚ್ಚಿ ನಿಲ್ಲುವ ಹಸಿರು ಬೆಟ್ಟದ ಸ್ವಂತ ಹಸಿರಲ್ಲ ಎಂಬುದು ಅಲ್ಲಿ ನಿಂತವರಿಗೆ ಸುಲಭವಾಗಿ ತೋರುವುದಿಲ್ಲ.

ಊರಿಗೆ ಮರಳಿದ ಮೇಲೆ ಬಯಲುಸೀಮೆಯ ಹೊಸ ಮನೆಯ ಯಜಮಾನರು ಲಾನ್ ಬೆಳೆಸಬೇಕೆಂದು ಹೊರಟರೆ ಲೆಕ್ಕ ಬೇರೆಯಾಗುತ್ತದೆ. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಅಂಗಳವೆಂದರೆ ಸುಮಾರು 56 ಚದರ ಮೀಟರ್. ಕಡುಬೇಸಗೆಯಲ್ಲಿ ಹುಲ್ಲು ದಿನಕ್ಕೆ 5 ಮಿಲಿಮೀಟರಿನಷ್ಟು ನೀರನ್ನು ಬಿಸಿಲಿಗೆ ಕಳೆದುಕೊಂಡರೆ, ಅದನ್ನು ತುಂಬಲು ನಿತ್ಯವೂ 280 ಲೀಟರ್ ಬೇಕು. ಹದಿನೈದು ಲೀಟರಿನ ಕೊಡದಲ್ಲಿ ಹೆಚ್ಚುಕಡಿಮೆ ಹತ್ತೊಂಬತ್ತು ಕೊಡ! ಒಂದೊಂದು ಕೊಡವನ್ನೂ ತಲೆಯ ಮೇಲೆ ಹೊತ್ತು ತರುವ ಹೆಣ್ಣುಮಕ್ಕಳಿರುವ ನಾಡಿನಲ್ಲಿ ಈ ಲೆಕ್ಕ ಹಗುರವಾದುದಲ್ಲ. ರಾಜಧಾನಿಗೂ ಇದು ಅನ್ವಯಿಸುತ್ತದೆ. 2024ರ ಮಾರ್ಚಿಯಲ್ಲಿ ಕೊಳವೆಬಾವಿಗಳು ಬತ್ತಿದಾಗ, ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ಆಜ್ಞೆ ಹೊರಡಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು.

ಹಾಗೆಂದು ಬಯಲಿನವರು ಹಸಿರಿನ ಆಸೆಯನ್ನೇ ಬಿಡಬೇಕಾಗಿಲ್ಲ. ಗರಿಕೆ, ಉತ್ತರದ ಸೀಮೆಯ ಬಾಯಲ್ಲಿ ಕರಿಕೆ, ಬಿಸಿನಾಡುಗಳ ಹುಲ್ಲುಹಾಸುಗಳಿಗೆ ಜಗತ್ತೆಲ್ಲ ಆರಿಸಿಕೊಂಡ ಹುಲ್ಲು. ಬೆಟ್ಟದ ಚಳಿಗೆ ಅದು ಮಂಕಾಗುತ್ತದೆ. ಬಯಲಿನ ಬಿಸಿಲಿಗೆ ಜಗ್ಗುವುದಿಲ್ಲ. ನೀರು ತಪ್ಪಿದರೆ ಒಣಗಿದಂತೆ ನಟಿಸಿ ನೆಲದೊಳಗೆ ಜೀವ ಹಿಡಿದಿರುತ್ತದೆ. ಎರೆಯ ರೈತನಿಗೆ ಅದು ಶತ್ರು. ಹೊಲಕ್ಕೆ ಹೊಕ್ಕ ಕರಿಕೆಯನ್ನು ಆಳವಾಗಿ ಅಗೆದು ಕೀಳುವುದರಲ್ಲಿ ಅವನ ಬೆವರು ಎಷ್ಟೋ ಹರಿದಿದೆ. ಅದೇ ಹುಲ್ಲಿನ ಎಳೆಯ ಕುಡಿ ಗಣಪತಿಯ ಪೂಜೆಗೆ ಬೇಕು. ಸ್ನಾನದ ನೀರು ಹರಿವ ಕಡೆ ನಾಲ್ಕು ಮಾರು ಜಾಗದಲ್ಲಿ ಅದನ್ನು ಹಬ್ಬಿಸಿ, ಬೇಸಗೆಯಲ್ಲಿ ಕಂದಾಗಲು ಬಿಟ್ಟರೆ ಮಕ್ಕಳ ಆಟಕ್ಕೆ ಅಷ್ಟೇ ಸಾಕು.

ಗುರುಗುಂಟಾದ ಸುತ್ತಿನಲ್ಲಿ ಮುಂಗಾರಿನ ಎರಡು ಹದಮಳೆ ಬಿದ್ದರೆ ಬದುಗಳ ಮೇಲೆ ಸತ್ತಂತಿದ್ದ ಕರಿಕೆ ವಾರದೊಳಗೆ ತಲೆಯೆತ್ತುತ್ತದೆ. ಅದನ್ನು ನೆಟ್ಟವರಿಲ್ಲ, ಸಮಮಾಡಿ ಕತ್ತರಿಸುವವರೂ ಇಲ್ಲ. ಉದಕಮಂಡಲದಿಂದ ಮರಳಿದ ಹಿರಿಯರು ಆ ಬದುವಿನ ಮೇಲೆ ಚಪ್ಪಲಿ ಕಳಚಿ ನಿಂತರೆ, ಇಲ್ಲಿಗೆ ನೀರು ಬಿಟ್ಟವರು ಯಾರೆಂದು ಕೇಳಬೇಕಾದ ಅವಶ್ಯಕತೆಯೇ ಬೀಳದು.